ತ ಮತ್ತು ತೋ

‘ತಡಿ’ ಎಂಬ ಮಾತನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸ್ವಲ್ಪ ಕಾಯಿ ಎನ್ನುವುದಕ್ಕೂ ಅದೇ, ಅಡ್ಡ ಹಾಕು ಎನ್ನುವುದಕ್ಕೂ ಅದೇ. ಬಾಲಕ್ಕೆ ಒಂದು ‘ಕೊ’ ಸೇರಿಸಿದರೆ ಸಹಿಸಿಕೋ ಎಂದೂ ಆಗುತ್ತದೆ. ನನ್ನ ಪಿಎಚ್.ಡಿ. ಗೈಡ್ ಈ ಒಂದು ಮಾತಿನಲ್ಲಿ ಇಡೀ ಲ್ಯಾಬನ್ನು ನಡೆಸುತ್ತಿದ್ದರು. ಆ ಲ್ಯಾಬಿನಲ್ಲಿ ನಾನು ಆರು ವರ್ಷ ಕಳೆದೆ, ಡಾಕ್ಟರ್ ಆಗದೆ ಹೊರಬಂದೆ. ಯಾಕೆ ಎಂದು ಕೇಳಿದವರಿಗೆಲ್ಲ ಇಷ್ಟು ದಿನ ಬಾಯಿಗೆ ಬಂದ ಸುಳ್ಳು ಹೇಳಿದ್ದೇನೆ. ಮನೆ ಕಡೆ ತೊಂದರೆ ಎಂದಿದ್ದೇನೆ, ಫೆಲೋಶಿಪ್ ಮುಗಿಯಿತು ಎಂದಿದ್ದೇನೆ. ನಿಜ ಹೇಳಬೇಕಾದರೆ ಆಂಟಿಬಾಡಿ ಎಂದರೇನು ಎಂಬಲ್ಲಿಂದ ಶುರು ಮಾಡಬೇಕು, ಅಷ್ಟು ಹೊತ್ತು ಯಾರೂ ಕೂರುವುದಿಲ್ಲ. ಇಲ್ಲಿ ಎದ್ದು ಹೋಗುವವರ ಮುಖ ನನಗೆ ಕಾಣುವುದಿಲ್ಲವಾದ್ದರಿಂದ ಮೊದಲಿನಿಂದಲೇ ಹೇಳುತ್ತೇನೆ.

ನಮ್ಮ ಮೈಯೊಳಗಿನ ಜೀವಕೋಶಗಳು ಎಷ್ಟೋ ಸಲ ಅಪ್ಪಣೆ ಸಿಕ್ಕಿಯೇ ಸಾಯುತ್ತವೆ. ಆ ಅಪ್ಪಣೆ ಕೊಡುವ ಪ್ರೋಟೀನುಗಳಲ್ಲಿ ಒಂದರ ಹೆಸರು ಫ್ಯಾಸ್ ಲೈಗ್ಯಾಂಡ್. ಒಂದು ಕೋಶದ ಮೇಲೆ ಕೂತು, ಪಕ್ಕದ ಕೋಶವನ್ನು ಮುಟ್ಟಿ, ‘ಸಾಕು, ನೀನಿನ್ನು ಹೊರಡು’ ಎನ್ನುತ್ತದೆ. ಮುಟ್ಟಿಸಿಕೊಂಡ ಕೋಶ ಗಲಾಟೆಯಿಲ್ಲದೆ ಒಳಗೊಳಗೇ ಮುದುಡಿ ಸಾಯುತ್ತದೆ. ಲ್ಯಾಬಿನಲ್ಲಿ ನಾವು ಅದನ್ನು ಯಮ ಎಂದು ಕರೆಯುತ್ತಿದ್ದೆವು. ಈ ಯಮನ ಮೇಲೆ ಕೆಲಸ ಮಾಡಲು ಎರಡು ಆಂಟಿಬಾಡಿ ಬೇಕು. ಆಂಟಿಬಾಡಿಯೂ ಒಂದು ಪ್ರೋಟೀನೇ, ಆದರೆ ತನಗೆ ಗುರುತಿರುವ ಒಂದೇ ಒಂದಕ್ಕೆ ಹೋಗಿ ಅಂಟಿಕೊಳ್ಳುವಂಥದ್ದು. ನಮ್ಮಲ್ಲಿದ್ದ ಒಂದು ಆಂಟಿಬಾಡಿ, ಯಮ ಇದ್ದಾನೋ ಇಲ್ಲವೋ, ಎಷ್ಟಿದ್ದಾನೆ ಎಂದು ತೋರಿಸುತ್ತಿತ್ತು. ಇನ್ನೊಂದು ಯಮನ ಕೈ ಹಿಡಿದು ತಡೆಯುತ್ತಿತ್ತು, ಕೋಶ ಬದುಕಿಕೊಳ್ಳುತ್ತಿತ್ತು. ತೋರಿಸುವುದಕ್ಕೆ ತಡೆಯಲು ಬಾರದು, ತಡೆಯುವುದಕ್ಕೆ ತೋರಿಸಲು ಬಾರದು. ನೋಡುವುದಕ್ಕೆ ಮಾತ್ರ ಎರಡೂ ನೀರಿನ ಹಾಗೆ ಇರುತ್ತವೆ.

ಇನ್ನೊಂದು ಮಾತು. ತೋರಿಸುವ ಆಂಟಿಬಾಡಿ ಕೆಡದಿರಲಿ ಎಂದು ಕಂಪನಿಯವರು ಅದಕ್ಕೆ ಅಜೈಡ್ ಎಂಬ ವಿಷವನ್ನು ಒಂದು ಚೂರು ಬೆರೆಸಿರುತ್ತಾರೆ. ನಾವು ತೋರಿಸುವ ಕೆಲಸ ಮಾಡುತ್ತಿದ್ದದ್ದು ಸತ್ತ ಕೋಶದಿಂದ ತೆಗೆದ ಪ್ರೋಟೀನಿನ ಮೇಲೆ, ಅದಕ್ಕೆ ವಿಷದ ಭಯವಿಲ್ಲ. ತಡೆಯುವ ಆಂಟಿಬಾಡಿ ಜೀವಂತ ಕೋಶಕ್ಕೆ ಹಾಕುವಂಥದ್ದು, ಅದರಲ್ಲಿ ವಿಷ ಇರಕೂಡದು. ವಿಜ್ಞಾನ ಇಷ್ಟೇ. ಮುಂದಿನದೆಲ್ಲ ಮನುಷ್ಯರ ಹಣೆಬರಹ.

ನಾನು ಗದಗದ ಕಡೆಯವಳು. ಬಿ.ಟಿ.ಎಂ. ಲೇಔಟಿನಲ್ಲಿ ನಮ್ಮ ಕಡೆಯ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆಗಿದ್ದೆ. ಲ್ಯಾಬು ಇದ್ದದ್ದು ಕುಮಾರಸ್ವಾಮಿ ಲೇಔಟಿನ ಆಚೆ, ಬನಶಂಕರಿಯಲ್ಲಿ ಬಸ್ಸು ಬದಲಿಸಬೇಕು. ಗೈಡ್ ಸಾರಕ್ಕಿಯ ಹಳೆಯ ಮನೆತನದವರು. ಅವರ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಇವರದೇ ಬಾಡಿಗೆ ಮನೆಗಳು ಮಹಡಿಯ ಮೇಲೆ ಮಹಡಿಯಾಗಿ ಎದ್ದಿದ್ದವು. ಪರದೇಶದಲ್ಲಿ ಓದಿ ಬಂದವರಾದರೂ ಸಾರಕ್ಕಿ ಮಾರ್ಕೆಟ್ಟಿನಲ್ಲಿ ತಾವೇ ನಿಂತು, ಅವರೆಕಾಯಿಯನ್ನು ಮೂಗಿಗೆ ಹಿಡಿದು ಸೊಗಡು ನೋಡಿ ಕೊಳ್ಳುವ ಮನುಷ್ಯ. ಸೇರಿದ ಹೊಸದರಲ್ಲಿ ಒಮ್ಮೆ, ‘ನಿಮ್ ಕಡೆ ಕನ್ನಡ ಸಖತ್ ಗಟ್ಟಿ ಕಣಮ್ಮ. ನೀನ್ ಮಾತಾಡ್ತಿದ್ರೆ ಜಗಳ ಆಡ್ತಿದೀಯೇನೋ ಅನ್ಸುತ್ತೆ’ ಎಂದರು.

‘ಜಗಳಾ ಆಡಿದ್ರ ಹಿಂಗ ಇರಂಗಿಲ್ರಿ ಸರ’ ಎಂದೆ. ಇಬ್ಬರೂ ನಕ್ಕೆವು. ಆ ದಿನಗಳಲ್ಲಿ ಅವರ ಬಗ್ಗೆ ನನಗೆ ಗೌರವವಿತ್ತು. ಇಲ್ಲ ಎಂದು ಈಗ ಹೇಳಿದರೆ ಅದು ಸಿಟ್ಟಿನ ಮಾತಾಗುತ್ತದೆ.

ನಮ್ಮ ಮಹಡಿಗೆಲ್ಲ ಒಂದೇ ದೊಡ್ಡ ಫ್ರೀಜರು. ಅದರಲ್ಲಿ ಆಂಟಿಬಾಡಿ ಇಟ್ಟರೆ ವಾರದೊಳಗೆ ಅರ್ಧ ಮಾಯವಾಗುತ್ತಿತ್ತು. ಕೇಳಿದರೆ ಯಾರೂ ಮುಟ್ಟಿಲ್ಲ. ಇದಕ್ಕೆ ಗೈಡ್ ಕಂಡುಹಿಡಿದ ಉಪಾಯ ಕನ್ನಡ. ಪಕ್ಕದ ಲ್ಯಾಬುಗಳಲ್ಲಿದ್ದವರು ಹೆಚ್ಚಿನಂಶ ಹೊರಗಿನವರು, ಕನ್ನಡ ಓದಲು ಬಾರದವರು. ಹೊಸ ಸೀಸೆ ಬಂದಾಗ ಗೈಡ್ ತಾವೇ ಕೂತು ಅದನ್ನು ಕಿರುಬೆರಳಿಗಿಂತ ಚಿಕ್ಕ ಟ್ಯೂಬುಗಳಿಗೆ ಹಂಚಿ, ಮುಚ್ಚಳದ ಮೇಲೆ ಒಂದೊಂದು ಅಕ್ಷರ ಬರೆಯುತ್ತಿದ್ದರು. ತಡೆಯುವುದಕ್ಕೆ ‘ತ’, ತೋರಿಸುವುದಕ್ಕೆ ‘ತೋ’. ಕದಿಯಲು ಬಂದವನು ಎರಡನ್ನೂ ನೋಡಿ ತಲೆ ಕೆರೆದುಕೊಂಡು ಹೋಗಬೇಕು. ‘ನೋಡಮ್ಮ, ರಾಜ್ಯೋತ್ಸವದಲ್ಲಿ ಭಾಷಣ ಮಾಡೋದಲ್ಲ, ಕನ್ನಡ ಬಳಸೋದು ಅಂದ್ರೆ ಹಿಂಗೆ’ ಎನ್ನುತ್ತಿದ್ದರು. ನನಗೂ ಹೆಮ್ಮೆಯಾಗುತ್ತಿತ್ತು.

ಈ ಹಂಚುವ ಕೆಲಸವನ್ನು ಅವರು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ದುಬಾರಿ ಮಾಲು, ನಮ್ಮ ಕೈ ನಡುಗುತ್ತದಂತೆ. ಹಂಚಿ ಮುಗಿದ ಮೇಲೆ ಪ್ರತಿ ಟ್ಯೂಬನ್ನೂ ಸ್ಪಿರಿಟ್ಟಿನಲ್ಲಿ ಒರೆಸಿ ಡಬ್ಬಿಗೆ ಹಾಕುವುದು ಅವರ ಮಡಿ. ಡಬ್ಬಿಗೆ ಪುಟ್ಟ ಬೀಗ, ಬೀಗದ ಕೈ ಅವರ ಕಾರಿನ ಕೀ ಗೊಂಚಲಿನಲ್ಲಿ. ಬೇಕಾದಾಗ ನಾವು ಹೋಗಿ ಕೇಳಬೇಕು, ಅವರು ಬಂದು ಟ್ಯೂಬು ತೆಗೆದು ಪ್ರಸಾದ ಕೊಟ್ಟಂತೆ ಕೈಗಿಡಬೇಕು. ಟ್ಯೂಬಿನ ಮೇಲೆ ಬರೆಯಲೆಂದೇ ಸ್ಪಿರಿಟ್ಟಿಗೂ ಅಳಿಯದ ಮಾರ್ಕರು ಲ್ಯಾಬಿನಲ್ಲಿರುತ್ತದೆ. ಅವರು ಬರೆಯುತ್ತಿದ್ದದ್ದು ಜೇಬಿನಲ್ಲಿಟ್ಟುಕೊಂಡಿದ್ದ ಸಣ್ಣ ತುದಿಯ ಸಿ.ಡಿ. ಮಾರ್ಕರಿನಲ್ಲಿ. ಅದರಲ್ಲಿ ಅಕ್ಷರ ಮುದ್ದಾಗಿ ಬರುತ್ತದೆ ಎಂದು ಅವರ ವಾದ.

ನನ್ನ ಕೆಲಸ ಹೀಗಿತ್ತು. ಒಂದು ಗಿಡದ ಬೇರಿನಿಂದ ತೆಗೆದ ವಸ್ತು ರಕ್ತದ ಕ್ಯಾನ್ಸರಿನ ಕೋಶಗಳನ್ನು ಕೊಲ್ಲುತ್ತಿತ್ತು. ಅದು ಯಮನ ಕೈಯಿಂದ ಕೊಲ್ಲಿಸುತ್ತದೋ, ಬೇರೆ ದಾರಿಯಿದೆಯೋ ಎಂದು ನಾನು ಹೇಳಬೇಕು. ಮೊದಲು ‘ತ’ ಹಾಕಿ ಯಮನನ್ನು ತಡೆಯುವುದು, ಆಮೇಲೆ ಬೇರಿನ ವಸ್ತು ಹಾಕುವುದು. ಕೋಶ ಬದುಕಿದರೆ ಅದು ಯಮನದೇ ಕೆಲಸ, ಎಲ್ಲರಿಗೂ ಗೊತ್ತಿರುವ ಹಳೆಯ ಕಥೆ. ತಡೆದ ಮೇಲೂ ಸತ್ತರೆ ಅದು ಯಾರೂ ಕಾಣದ ಹೊಸ ದಾರಿ. ಹಳೆಯ ಕಥೆಯಿಂದಲೂ ಪಿಎಚ್.ಡಿ. ಸಿಗುತ್ತದೆ, ಆದರೆ ಹೊಸ ದಾರಿಯಿಂದ ದೊಡ್ಡ ಪತ್ರಿಕೆಯಲ್ಲಿ ಪೇಪರ್ ಬರುತ್ತದೆ.

ಕೋಶಗಳು ಸತ್ತವು. ಗೈಡ್ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ, ‘ಗುರು, ಇದು ಬೇರೆ ರೂಟೇ!’ ಎಂದು ಗೋಡೆಗೆ ಹೇಳಿದರು. ಮತ್ತೆ ಮಾಡಿಸಿದರು, ಮತ್ತೆ ಸತ್ತವು. ಒಂದೇ ಒಂದು ಸಲ ಬದುಕಿಕೊಂಡವು. ‘ಬೇರಿನ ಸ್ಯಾಂಪಲ್ ಹಾಕೋದೇ ಮರ್ತಿದೀಯ, ಅಷ್ಟೇ’ ಎಂದು ಅದನ್ನು ಲೆಕ್ಕದಿಂದ ತೆಗೆಸಿದರು. ನಾನು ಮರೆತಿರಲಿಲ್ಲ. ಆದರೆ ಮೂರನೆಯ ಸಲ ‘ಮರ್ತಿದೀಯ’ ಎಂದಾಗ ನನಗೇ ಅನುಮಾನ ಬಂತು.

ಇನ್ನೊಂದು ಸಂಗತಿ ಕಣ್ಣಿಗೆ ಚುಚ್ಚುತ್ತಿತ್ತು. ಹೋಲಿಸಿ ನೋಡಲೆಂದು ಬೇರಿನ ವಸ್ತುವನ್ನು ಹಾಕದೆ ‘ತ’ ಮಾತ್ರ ಹಾಕಿದ ಕೋಶಗಳೂ, ನಾವು ಕಂಟ್ರೋಲ್ ಎನ್ನುವವು, ಸೊರಗುತ್ತಿದ್ದವು. ಕಾವಲಿಗೆ ಇಟ್ಟವನೇ ಮನೆಯವರನ್ನು ಹೊಡೆದ ಹಾಗೆ.

‘ಸರ, ಈ ಕಂಟ್ರೋಲ್ ಯಾಕೋ ಸರಿ ಅನ್ಸವಲ್ದರಿ’ ಎಂದೆ. ‘ಈ ತ ನಿಜವಾಗ್ಲೂ ತಡೀತೈತೇನು ಅಂತ ಮೊದಲ ಒಂದ್ಸಲ ನೋಡೂಣ್ರಿ. ಬೇರಿಂದು ಬಿಟ್ಟು, ಬರೇ ಯಮನ್ನ ಹಾಕಿ ತಡದು ನೋಡಿದ್ರ ಗೊತ್ತಾಗಿಬಿಡ್ತೈತಿ.’

‘ತಡೀಮ್ಮ. ಅದಕ್ಕೆಲ್ಲ ಆಂಟಿಬಾಡಿ ವೇಸ್ಟ್ ಮಾಡಕ್ಕಾಗಲ್ಲ. ಇನ್ಕ್ಯುಬೇಟರ್ ಪ್ರಾಬ್ಲಂ ಇದೆ, ಅದಕ್ಕೇ ಸೆಲ್ಸ್ ಡಲ್ಲಾಗಿವೆ. ಪೇಪರ್ ಹೋಗ್ಲಿ, ಆಮೇಲ್ ನೋಡ್ಕೊಳೋಣ.’

ಪೇಪರ್ ಹೋಯಿತು, ಅಚ್ಚಾಗಿಯೂ ಬಂತು. ಮೊದಲ ಹೆಸರು ನನ್ನದು, ಕೊನೆಯ ಹೆಸರು ಗೈಡ್ ಅವರದು. ನಮ್ಮ ಲೋಕದಲ್ಲಿ ಮೊದಲನೆಯದು ಕೆಲಸ ಮಾಡಿದವರ ಜಾಗ, ಕೊನೆಯದು ಯಜಮಾನರ ಜಾಗ. ಮೊದಲ ಹೆಸರಿನ ಒಂದು ಪೇಪರ್ ಇಲ್ಲದೆ ನಮ್ಮ ಸಂಸ್ಥೆಯಲ್ಲಿ ಥೀಸಿಸ್ ಕೊಡುವಂತಿರಲಿಲ್ಲ, ಹಾಗಾಗಿ ನಾನು ದಡ ಮುಟ್ಟಿದೆ ಎಂದುಕೊಂಡೆ. ಗೈಡ್ ಇಡೀ ಲ್ಯಾಬನ್ನು ಜಯನಗರಕ್ಕೆ ಕರೆದುಕೊಂಡು ಹೋಗಿ ಬೆಣ್ಣೆ ದೋಸೆ ಕೊಡಿಸಿದರು. ಅವ್ವನಿಗೆ ಫೋನು ಮಾಡಿದೆ.

‘ಪೇಪರಿನ್ಯಾಗ ಬಂದೈತಿ ಅಂದ್ರ ಫೋಟೋನೂ ಹಾಕ್ಯಾರೇನು?’ ಎಂದಳು.

‘ಇದು ಆ ಪೇಪರ್ ಅಲ್ಲಬೇ.’

‘ಯಾವುದರ ಇರಲಿ. ಡಾಕ್ಟರ್ ಆದಿ ಇಲ್ಲೋ?’

‘ಇನ್ನೇನ್ ಆದಂಗ’ ಎಂದೆ. ಓಣಿಯವರು ಅಂದೇ ಅವ್ವನ ಹತ್ತಿರ ತಮ್ಮ ತಮ್ಮ ಮಂಡಿನೋವು ಹೇಳಿಕೊಂಡರಂತೆ.

ಥೀಸಿಸ್ ಬರೆಯುವಾಗ ಗೈಡ್, ಯಮನನ್ನು ತೋರಿಸುವ ಒಂದು ಚಿತ್ರ ಇನ್ನೂ ಚೆನ್ನಾಗಿರಬೇಕು, ಮತ್ತೆ ಮಾಡು ಎಂದರು. ‘ತೋ’ ಬೇಕೆಂದು ಕೇಳಿದೆ. ಫ್ರೀಜರಿನ ಮುಂದೆ ನಿಂತು ಡಬ್ಬಿಯ ಬೀಗ ತೆಗೆದು ನೋಡಿದರೆ ‘ತೋ’ ಒಂದೂ ಇಲ್ಲ. ‘ತ’ ಮಾತ್ರ ಬೇಕಾದಷ್ಟಿದ್ದವು.

‘ಅಲ್ರಿ ಸರ, ನಾವು ಹೆಚ್ಚ ಬಳಸಿದ್ದು ತ. ಮುಗೀಬೇಕಾಗಿದ್ದೂ ಅದ ಅಲ್ರಿ?’

‘ತಡಿ, ಹೊಸದು ತರ್ಸೋಣ’ ಎನ್ನುವಾಗಲೇ ಅವರಿಗೆ ಫೋನು ಬಂತು. ಮಾತಾಡುತ್ತ, ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಕಾರಿಡಾರಿನ ಆ ತುದಿಗೆ ನಡೆದರು. ಆ ಡಬ್ಬಿ ತೆರೆದ ಸ್ಥಿತಿಯಲ್ಲಿ ನನ್ನ ಕೈಗೆ ಬಂದದ್ದು ಅದೇ ಮೊದಲು. ಒಂದು ‘ತ’ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಿನಲ್ಲಿ ಮಂಜು ಒರೆಸಿದೆ. ಅದುವರೆಗೆ ಅವರು ‘ತ’ ಎಂದು ಕೈಗಿಟ್ಟದ್ದನ್ನು ಹೀಗೆ ಒರೆಸಿ ನೋಡುವ ಯೋಚನೆಯೇ ನನಗೆ ಬಂದಿರಲಿಲ್ಲ. ಅಕ್ಷರ ಇತ್ತು. ಆದರೆ ಅದರ ತಲೆ ‘ತ’ದ ತಲೆಕಟ್ಟಲ್ಲ. ಮೇಲಕ್ಕೆ ಸುರುಳಿ ಹೊರಳಿತ್ತು. ಕನ್ನಡ ಒಂದನೇ ಇಯತ್ತೆಯಲ್ಲಿ ಸ್ಲೇಟಿನ ಮೇಲೆ ತಿದ್ದಿದವರಿಗೆಲ್ಲ ಗೊತ್ತು, ‘ತೋ’ ಬರೆಯುವಾಗ ತಲೆಕಟ್ಟು ಹೋಗಿ ಸುರುಳಿ ಬರುತ್ತದೆ, ಪಕ್ಕದಲ್ಲಿ ಕೊಂಬು, ಅದರಾಚೆ ದೀರ್ಘ. ಅಷ್ಟು ಚಿಕ್ಕ ಮುಚ್ಚಳದಲ್ಲಿ ಕೊಂಬಿಗೂ ದೀರ್ಘಕ್ಕೂ ನಡುಭಾಗದಲ್ಲಿ ಜಾಗವೆಲ್ಲಿ? ಅವು ಮುಚ್ಚಳದ ಉಬ್ಬಿದ ಅಂಚಿನ ಮೇಲೆ ಹತ್ತಿದ್ದವು. ಸ್ಪಿರಿಟ್ಟಿನ ಅರಿವೆ ಅಂಚನ್ನು ಒರೆಸಿತ್ತು, ನಡುವಿನ ತಗ್ಗನ್ನು ಮುಟ್ಟಿರಲಿಲ್ಲ. ಅಂಚಿನಲ್ಲಿ ನೀಲಿಯ ಒಂದು ನೆರಳು ಉಳಿದಿತ್ತು. ಇನ್ನೊಂದನ್ನು ನೋಡಿದೆ, ಮತ್ತೊಂದನ್ನು ನೋಡಿದೆ. ಡಬ್ಬಿಯಲ್ಲಿ ನಿಜವಾದ ‘ತ’ ಬೆರಳೆಣಿಕೆಯಷ್ಟು. ಉಳಿದವೆಲ್ಲ ಬಾಲ ಕಳೆದುಕೊಂಡ ‘ತೋ’.

ನನಗೆ ಎಲ್ಲಕ್ಕಿಂತ ಮೊದಲು ನೆನಪಾದದ್ದು ಆ ಒಂದು ಸಲ ಬದುಕಿದ ಕೋಶಗಳು. ಅಂದು ಅವರ ಕೈಗೆ ನಿಜವಾದ ‘ತ’ ಸಿಕ್ಕಿತ್ತು. ನಾನು ಏನನ್ನೂ ಮರೆತಿರಲಿಲ್ಲ.

ಆದರೂ ಪರೀಕ್ಷೆ ಮಾಡದೆ ಬಾಯಿ ಬಿಡಬಾರದೆಂದು, ಅಂಥ ಒಂದು ಟ್ಯೂಬನ್ನು ತೆಗೆದಿಟ್ಟುಕೊಂಡು ಮರುದಿನ ಬ್ಲಾಟ್ ಮಾಡಿದೆ. ಬ್ಲಾಟ್ ಎಂದರೆ ಕೋಶದ ಪ್ರೋಟೀನುಗಳನ್ನು ಕುದಿಸಿ, ಬೇರ್ಪಡಿಸಿ, ಒಂದು ತೆಳು ಹಾಳೆಗೆ ಇಳಿಸಿ, ಹಾಳೆಯನ್ನು ಹಾಲಿನ ಪುಡಿಯ ನೀರಿನಲ್ಲಿ ನೆನೆಸಿ, ಆಮೇಲೆ ಆಂಟಿಬಾಡಿ ಹಾಕುವುದು. ಯಮನಿದ್ದಲ್ಲಿ ಕಪ್ಪು ಪಟ್ಟಿ ಕಾಣುತ್ತದೆ. ಕುದಿಸಿದ ಮೇಲೆ ಯಮನ ಆಕಾರ ಬದಲಾಗುವುದರಿಂದ ನಮ್ಮ ತಡೆಯುವ ಆಂಟಿಬಾಡಿಗೆ ಅವನ ಗುರುತೇ ಹತ್ತುವುದಿಲ್ಲ, ಹಾಳೆ ಖಾಲಿ ಉಳಿಯಬೇಕು. ಉಳಿಯಲಿಲ್ಲ. ಅಷ್ಟು ದಟ್ಟವಾದ, ಅಷ್ಟು ನೇರವಾದ ಪಟ್ಟಿ ನನ್ನ ಕೈಯಲ್ಲಿ ಅದುವರೆಗೆ ಬಂದಿರಲಿಲ್ಲ. ಒಂದು ಗಳಿಗೆ ಖುಷಿಯಾಯಿತು, ದೇವರಾಣೆ. ಆಮೇಲೆ ಅದರ ಅರ್ಥ ಹೊಳೆಯಿತು. ತಡೆದೆವು ತಡೆದೆವು ಎಂದು ಲೋಕಕ್ಕೆ ಸಾರಿದ ನಾವು ಆ ಒಂದು ಸಲ ಬಿಟ್ಟರೆ ಯಮನನ್ನು ತಡೆದೇ ಇರಲಿಲ್ಲ. ಅವನ ಪಕ್ಕದಲ್ಲಿ ಇನ್ನಷ್ಟು ವಿಷ ಸುರಿದು, ಸತ್ತ ಕೋಶಗಳನ್ನು ಹೊಸ ದಾರಿ ಎಂದು ಕರೆದಿದ್ದೆವು.

ಹಾಳೆಯನ್ನೂ ಟ್ಯೂಬನ್ನೂ ಹಿಡಿದು ಗೈಡ್ ಕೋಣೆಗೆ ಹೋದೆ. ‘ಬಾಗ್ಲು ಹಾಕಮ್ಮ’ ಎಂದರು. ಕನ್ನಡಕವನ್ನು ಹಣೆಗೇರಿಸಿ ಮುಚ್ಚಳವನ್ನು ಬಹಳ ಹೊತ್ತು ನೋಡಿದರು. ತಮ್ಮ ಅಕ್ಷರ ತಮಗೆ ಗೊತ್ತಾಗದೆ ಇರುತ್ತದೆಯೇ? ಮುಖ ಬಿಳುಚಿತ್ತು.

‘ಯಾರಿಗಾದ್ರೂ ಹೇಳಿದ್ಯಾ?’

‘ಇಲ್ರಿ.’

‘ತಡಿ. ನೋಡೋಣ.’

ತಡೆಯುವ ಆಂಟಿಬಾಡಿಯ ಹೊಸ ಸೀಸೆ ತರಿಸಿದರು. ನಾನು ಅದನ್ನು ಹಂಚದೆ, ಕಂಪನಿಯ ಚೀಟಿಯಿದ್ದ ಸೀಸೆಯಿಂದಲೇ ತೆಗೆದು ಪ್ರಯೋಗ ಮಾಡಿದೆ. ಕೋಶಗಳು ಬದುಕಿದವು. ಮೈಕ್ರೋಸ್ಕೋಪಿನ ಕೆಳಗೆ ದುಂಡುದುಂಡಗೆ, ಸಾಬೂದಾನಿಯ ಹಾಗೆ ಹೊಳೆಯುತ್ತಿದ್ದವು. ನಾನು ಅಳುತ್ತಿದ್ದೆ. ‘ಒಂದ್ ಸಲ ಬಂದ್ರೆ ಪ್ರೂಫ್ ಅಲ್ಲ, ರಿಪೀಟ್ ಮಾಡು’ ಎಂದರು. ಮಾಡಿದೆ. ‘ಸೆಲ್ಸ್ ಹಳೇವಾಗಿರ್ಬೇಕು, ಹೊಸ ಬ್ಯಾಚಲ್ಲಿ ಮಾಡು’ ಎಂದರು. ಅದನ್ನೂ ಮಾಡಿದೆ. ಸತ್ತಾಗ ಒಂದನ್ನೂ ಪ್ರಶ್ನಿಸದೆ ಒಪ್ಪಿದ ಮನುಷ್ಯ, ಬದುಕಿದ ಕೋಶಗಳಿಗೆ ಮಾತ್ರ ಸಾಕ್ಷಿಯ ಮೇಲೆ ಸಾಕ್ಷಿ ಕೇಳುತ್ತಿದ್ದರು. ಅಷ್ಟರಲ್ಲಿ ವಿಭಾಗದ ಮುಖ್ಯಸ್ಥರ ಹುದ್ದೆಗೆ ಇಂಟರ್ವ್ಯೂ ಬಂತು. ‘ತಡೀಮ್ಮ, ಅದೊಂದ್ ಮುಗೀಲಿ.’ ಮುಗಿಯಿತು. ಅವರೇ ಮುಖ್ಯಸ್ಥರಾದರು. ಅವರ ಕೋಣೆಯ ಎದುರಿನ ಗೋಡೆಗೆ ಹಾಕಿದ್ದ ಸಾಧನೆಗಳ ಫಲಕದಲ್ಲಿ ನಮ್ಮ ಪೇಪರು ಎಲ್ಲಕ್ಕಿಂತ ಮೇಲಿತ್ತು.

ಹಾಗೇ ಮುಚ್ಚಿಹೋಗುತ್ತಿತ್ತೇನೋ. ಆದರೆ ಹೊರದೇಶದ ಒಂದು ಲ್ಯಾಬಿನವರು, ನಮಗೆ ಹೀಗೆ ಬರುತ್ತಿಲ್ಲವಲ್ಲ, ನೀವು ಹೇಗೆ ಮಾಡಿದಿರಿ ಎಂದು ಗೈಡಿಗೆ ಮೇಲಿಂದ ಮೇಲೆ ಕೇಳತೊಡಗಿದರು. ಒಂದು ಮಧ್ಯಾಹ್ನ ಗೈಡ್ ನನ್ನನ್ನು ಕರೆಸಿ ಕಾಫಿ ತರಿಸಿದರು.

‘ಕೂತ್ಕೊಮ್ಮ. ನಾವು ಸೈನ್ಸ್ ಮಾಡೋರು, ಆನೆಸ್ಟ್ ಆಗಿರ್ಬೇಕು. ಪೇಪರ್ ವಾಪಸ್ ತಗೊಂಬಿಡೋಣ.’

ಆ ಕ್ಷಣ ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಪತ್ರಿಕೆಗೆ ಕಳಿಸಬೇಕಾದ ಹೇಳಿಕೆ ಇಂಗ್ಲಿಷಿನಲ್ಲಿ ಸಿದ್ಧವಾಗಿತ್ತು. ಟ್ಯೂಬುಗಳನ್ನು ಗುರುತಿಸುವಲ್ಲಿ ಮೊದಲ ಲೇಖಕಿಯಿಂದಾದ ತಪ್ಪಿನಿಂದಾಗಿ ಈ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಗುತ್ತಿದೆ ಎಂದಿತ್ತು. ಕೆಳಗೆ ಎಲ್ಲ ಲೇಖಕರ ಸಹಿಗೆ ಜಾಗ. ಮೊದಲ ಲೇಖಕಿ ಎಂದರೆ ನಾನು.

‘ಸರ, ಬರದವ್ರು ನೀವು, ಒರಸಿದವ್ರು ನೀವು. ಕೀಲಿ ನಿಮ್ ಕಡೆ ಇತ್ತು. ಕೈಯಾಗ ಕೊಟ್ಟವ್ರೂ ನೀವ.’

‘ತಗೊಂಡ್ ಓದಿದ್ದು ನೀನಲ್ವಾ? ನಿಮ್ ಕಡೆ ಬರೆಯೋ ಸ್ಟೈಲೇ ಬೇರೆ, ಕನ್ಫ್ಯೂಸ್ ಆಗಿರತ್ತೆ. ಅದ್ರಲ್ಲಿ ನಾಚ್ಕೆ ಏನಿದೆ?’

‘ನಮ್ ಕಡೆ ತ ಬ್ಯಾರೆ, ನಿಮ್ ಕಡೆ ತ ಬ್ಯಾರೆ ಐತೇನ್ರಿ ಸರ?’ ಎಂದೆ. ದನಿ ಏರಿತ್ತು. ಜಗಳ ಆಡಿದರೆ ನಮ್ಮ ಕನ್ನಡ ಹೇಗಿರುತ್ತದೆ ಎಂದು ಅವರಿಗೆ ಅಂದು ಗೊತ್ತಾಗಿರಬೇಕು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ ಎಂದು ನಮ್ಮವ್ವ ಹೇಳುವುದನ್ನು ಕೇಳಿದ್ದೆ, ಮೇಕೆಯಾಗಿ ನಿಂತು ನೋಡಿದ್ದು ಆಗಲೇ.

ಅವರು ದನಿ ಏರಿಸಲಿಲ್ಲ. ‘ನೋಡು, ನಾನೀಗ ಹೆಡ್ಡು. ನನ್ ಹೆಸ್ರು ಬಂದ್ರೆ ಇಡೀ ಡಿಪಾರ್ಟ್‌ಮೆಂಟಿಗೇ ಏಟು. ನೀನು ಸ್ಟೂಡೆಂಟು, ಸ್ಟೂಡೆಂಟ್ಸ್ ತಪ್ಪು ಮಾಡ್ತಾರೆ ಅಂತ ಎಲ್ರಿಗೂ ಗೊತ್ತು, ಯಾರೂ ಏನೂ ಅನ್ಕೊಳಲ್ಲ. ನಿನ್ನ ಹೊಸಾ ಡೇಟಾ ಚೆನ್ನಾಗಿದೆ, ಥೀಸಿಸ್‌ಗೆ ಸಾಕು. ಪೇಪರ್ ಬೇಕು ಅನ್ನೋ ರೂಲಿಗೆ ನಾನ್ ವಿನಾಯ್ತಿ ಕೊಡಿಸ್ತೀನಿ. ನೀನಿಲ್ಲಿ ಸೈನ್ ಹಾಕು, ನಾನ್ ಅಲ್ಲಿ ಸೈನ್ ಹಾಕ್ತೀನಿ. ಸ್ವಲ್ಪ ತಡ್ಕೊಮ್ಮ.’

ಎರಡು ದಿನ ಕೊಡಿ ಎಂದು ಬಂದೆ. ಬನಶಂಕರಿಯಲ್ಲಿ ಬಸ್ಸಿಗೆ ನಿಂತು ಅವ್ವನಿಗೆ ಎಲ್ಲ ಹೇಳಿದೆ, ಅವಳಿಗೆ ತಿಳಿಯುವ ಹಾಗೆ. ಅವಳು ನನ್ನ ಪರವಾಗಿ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ.

‘ಒಂದ್ ಸೈ ಅಲ್ಲೇನು, ಒಗದ್ ಬಾ’ ಎಂದಳು. ‘ಡಾಕ್ಟರ್ ಆದ್ ಮ್ಯಾಲ ಯಾರ್ ಕೇಳ್ತಾರ?’

ಕೇಳುತ್ತಾರೆ ಎಂದು ಅವಳಿಗೆ ಹೇಗೆ ವಿವರಿಸಲಿ? ಯಾವ ಲ್ಯಾಬಿಗೆ ಅರ್ಜಿ ಹಾಕಿದರೂ ಮೊದಲು ಇಂಟರ್ನೆಟ್ಟಿನಲ್ಲಿ ಹೆಸರು ಹೊಡೆದು ನೋಡುತ್ತಾರೆ. ಟ್ಯೂಬಿನ ಮೇಲಿನ ಒಂದು ಅಕ್ಷರ ಓದಲು ಬಾರದವಳು ಎಂದು ಮೊದಲ ಸಾಲಿನಲ್ಲೇ ಸಿಗುತ್ತದೆ. ಪದವಿ ಇಟ್ಟುಕೊಂಡು ನಾನು ಯಾರ ಮುಂದೆ ನಿಲ್ಲಲಿ? ಅದಕ್ಕಿಂತ ಹೆಚ್ಚಾಗಿ, ಆ ಹೇಳಿಕೆ ಸುಳ್ಳು. ಒಂದು ಸುಳ್ಳನ್ನು ಅಳಿಸಲು ಇನ್ನೊಂದು ಸುಳ್ಳಿಗೆ ನಾನು ಸಹಿ ಹಾಕಬೇಕಾಗಿತ್ತು.

‘ಸೈ ಮಾಡಂಗಿಲ್ರಿ ಸರ’ ಎಂದೆ, ಹೋಗಿ. ‘ನಡದದ್ದು ನಡದಂಗ ಬರೀರಿ, ಈಗ ಮಾಡ್ತೀನಿ.’

ಬೈಯುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಅವರು ಬೈಯಲಿಲ್ಲ. ಮುಖ ಸಡಿಲವಾಯಿತು, ನಿಧಾನವಾಗಿ ಕಂಪ್ಯೂಟರ್ ಮುಚ್ಚಿದರು. ‘ಸರಿ ಹಾಗಾದ್ರೆ. ಎಲ್ಲಾ ಆಥರ್ಸ್ ಸೈನ್ ಇಲ್ದೆ ನಾನ್ ಕಳ್ಸಕ್ಕಾಗಲ್ಲ. ಪೇಪರ್ ಇದ್ದಂಗಿರ್ಲಿ ಬಿಡು.’

ಇಷ್ಟು ಓದಿದ್ದೇನೆ, ನನಗೆ ಇದು ಹೊಳೆದಿರಲಿಲ್ಲ. ನನ್ನ ‘ಇಲ್ಲ’ ಅವರಿಗೆ ಬೇಕಾಗಿದ್ದ ‘ಇಲ್ಲ’ವೇ ಆಗಿತ್ತು. ಹೊರದೇಶದವರಿಗೆ, ಮೊದಲ ಲೇಖಕಿ ಒಪ್ಪುತ್ತಿಲ್ಲ, ನಾನೇನು ಮಾಡಲಿ ಎಂದು ಬರೆದರಂತೆ. ನಾನೇ ನೇರವಾಗಿ ಪತ್ರಿಕೆಗೆ ಬರೆದೆ. ಅವರು ಸಂಸ್ಥೆಯನ್ನು ಕೇಳಿದರು, ಸಂಸ್ಥೆ ವಿಭಾಗದ ಮುಖ್ಯಸ್ಥರನ್ನು ಕೇಳಿತು. ವಿಷಯ ಪರಿಶೀಲನೆಯಲ್ಲಿದೆ ಎಂದು ಮುಖ್ಯಸ್ಥರು ಉತ್ತರಿಸಿದರು. ಅದು ಈಗಲೂ ಪರಿಶೀಲನೆಯಲ್ಲಿದೆ. ನನ್ನ ಥೀಸಿಸ್ಸಿಗೆ ಅವರ ಸಹಿ ಬೀಳಲಿಲ್ಲ. ಬೇರೆ ಗೈಡನ್ನು ಹುಡುಕಿದೆ, ಎಲ್ಲರೂ ಕಾಫಿ ಕೊಟ್ಟು ಕಳಿಸಿದರು. ಆರನೆಯ ವರ್ಷ ಮುಗಿದಾಗ ಲ್ಯಾಬಿನ ಕೋಟು ಮಡಚಿ ನನ್ನ ಮೇಜಿನ ಮೇಲಿಟ್ಟು ಹೊರಬಂದೆ. ಯಾರೂ ಬೀಳ್ಕೊಡಲಿಲ್ಲ. ನನಗೂ ಬೇಕಿರಲಿಲ್ಲ.

ಈಗ ಜೆ.ಪಿ. ನಗರದಲ್ಲಿ ಆಂಟಿಬಾಡಿ ಮಾರುವ ಒಂದು ಕಂಪನಿಯಲ್ಲಿದ್ದೇನೆ. ಕೊಂಡವರು ಫೋನು ಮಾಡಿ, ಇದು ಬ್ಲಾಟಿಗೆ ಆಗುತ್ತದೆಯೇ, ಇದರಲ್ಲಿ ಅಜೈಡ್ ಇದೆಯೇ ಎಂದು ಕೇಳುತ್ತಾರೆ, ನಾನು ಹೇಳುತ್ತೇನೆ. ಈ ಕೆಲಸಕ್ಕೆ ಪಿಎಚ್.ಡಿ. ಬೇಕಾಗಿಲ್ಲ. ತೋರಿಸುವುದನ್ನು ತಡೆಯಲು ಬಳಸಬೇಡಿ ಎಂದು ನಾನು ಕೇಳದವರಿಗೂ ಹೇಳುತ್ತೇನೆಂದು ಜೊತೆಯವರು ನಗುತ್ತಾರೆ.

ಕಳೆದ ತಿಂಗಳು ಒಬ್ಬ ಹುಡುಗಿ ಫೋನು ಮಾಡಿದಳು. ಗಿರಿನಗರದ ಕಡೆಯ ಒಂದು ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದವಳು, ಇಲ್ಲಿಯವಳೇ ಎಂದು ಮಾತಿನಲ್ಲೇ ಗೊತ್ತಾಗುತ್ತಿತ್ತು.

‘ಮೇಡಂ, ನಿಮ್ ಫ್ಯಾಸ್ ಲೈಗ್ಯಾಂಡ್ ಬ್ಲಾಕ್ ಮಾಡೋ ಆಂಟಿಬಾಡಿ ತಗೊಂಡಿದೀವಿ. ಅದರಲ್ಲೇನೋ ಪ್ರಾಬ್ಲಂ ಇದೆ. ಹಾಕಿದ್ರೆ ಸೆಲ್ಸ್ ಬದುಕ್ಕೊಂಡ್ ಬಿಡ್ತಿವೆ.’

‘ಬದುಕ್ಬೇಕಲ್ಲಮ್ಮ. ಅದಕ್ಕೇ ಅಲ್ವಾ ಹಾಕೋದು?’ ಎಂದೆ. ಇಷ್ಟು ವರ್ಷಗಳಲ್ಲಿ ನನಗೂ ಇಲ್ಲಿಯ ಮಾತು ಹತ್ತಿದೆ.

‘ಇಲ್ಲ ಮೇಡಂ, ಪೇಪರಲ್ಲಿ ಸಾಯ್ತವೆ ಅಂತಿದೆ. ನಾನ್ ಎಷ್ಟ್ ಸಲ ಮಾಡಿದ್ರೂ ಸಾಯ್ತಿಲ್ಲ. ನಮ್ ಸರ್ ದಿನಾ ಬೈತಿದಾರೆ, ನಿಂಗೆ ಸೆಲ್ಸ್ ಹ್ಯಾಂಡಲ್ ಮಾಡಕ್ಕೇ ಬರಲ್ಲ, ಬೇರೆ ಕೆಲಸ ನೋಡ್ಕೋ ಅಂತ.’

ಯಾವ ಪೇಪರ್ ಎಂದು ಕೇಳಲಿಲ್ಲ. ಆದರೂ ಅವಳು ಅದರ ಹೆಸರನ್ನು ಪೂರ್ತಿ ಓದಿ ಹೇಳಿದಳು. ಅದರ ಒಂದೊಂದು ಪದಕ್ಕೂ ನಾನು ಗೈಡ್ ಅವರ ಜೊತೆ ಕೂತು ಚರ್ಚೆ ಮಾಡಿದ್ದೆ.

‘ಕೇಳಮ್ಮ. ನೀನ್ ಮಾಡ್ತಿರೋದು ಸರಿಯಾಗಿದೆ. ನಿನ್ ಕೈ ಸರಿಯಾಗಿದೆ. ಆ ಪೇಪರ್ ತಪ್ಪು.’

‘ತಪ್ಪಾ? ನಿಮಗ್ ಹೇಗ್ ಗೊತ್ತು ಮೇಡಂ?’

‘ಅದರಲ್ಲಿ ಮೊದಲನೇ ಹೆಸರು ನಂದು.’

ಆ ಕಡೆ ಅವಳು ಪುಟ ಮೇಲಕ್ಕೆ ಸರಿಸಿ ಹೆಸರು ನೋಡಿರಬೇಕು. ಆಮೇಲೆ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ಅರ್ಥವಾಗದೆ ಕೇಳಿದಂತಿತ್ತು.

‘ತಪ್ಪು ಅಂತ ಗೊತ್ತಿದ್ದೂ, ನೀವು ವಾಪಸ್ ತಗೊಳ್ಳೇ ಇಲ್ವಾ ಮೇಡಂ?’

ಸಹಿ ಹಾಕದಿದ್ದದ್ದು ಯಾಕೆ ಎಂದು ಹೇಳಲು, ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸಿ ಬಾಯಿ ತೆರೆಯುವಷ್ಟರಲ್ಲಿ ಅವಳು ಫೋನಿಟ್ಟಿದ್ದಳು.